ಮೂರು ಚೀಟಿ, ಒಬ್ಬರೇ ಅಮ್ಮ

ಶಿಡ್ಲಘಟ್ಟದ ಕಡೆಯ ಒಂದು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ನಾನು ಡಾಕ್ಟರ್. ಬೆಳಿಗ್ಗೆ ಒಪಿಡಿ ಶುರುವಾದರೆ ಮಧ್ಯಾಹ್ನದವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ಇಲ್ಲಿ ನಾನು ಕಲಿತ ದೊಡ್ಡ ಪಾಠ ಒಬ್ಬ ಅಮ್ಮನಿಂದ ಬಂತು.

ಐವತ್ತರ ಆಸುಪಾಸಿನವರು. ಕೆಮ್ಮು, ದಮ್ಮು ಅಂತ ಬಂದರು. ನೆಬುಲೈಸರ್ ಹಾಕಿಸಿ, ಐದು ದಿನದ ಮಾತ್ರೆ ಬರೆದು ಕಳಿಸಿದೆ. ಮೂರು ವಾರಕ್ಕೆ ಮತ್ತೆ ಬಂದರಂತೆ. ಅವತ್ತು ನಾನು ಮೀಟಿಂಗ್‌ಗೆ ಹೋಗಿದ್ದೆ, ಬೇರೆ ಡಾಕ್ಟರ್ ನೋಡಿದರು. ಅದೇ ಔಷಧ. ಮೂರನೇ ಸಲ ಬಂದಾಗ ನಾನೇ ಇದ್ದೆ. ಆದರೆ ಅವರ ಮುಖ ನನಗೆ ನೆನಪಿರಲಿಲ್ಲ. ಹೊಸ ಚೀಟಿ ನೋಡಿ ಎಲ್ಲವನ್ನೂ ಮೊದಲಿನಿಂದ ಕೇಳಲು ಶುರು ಮಾಡಿದೆ. ಅವರು ಸೆರಗಿನ ಗಂಟು ಬಿಚ್ಚಿ, ಹಳೆಯ ಎರಡು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಒಂದರಲ್ಲಿ ನನ್ನದೇ ಕೈಬರಹ.

"ಮೊದಲ ಸಲಾನೂ ಇದೇ ಕೇಳಿದ್ರಿ ಮೇಡಂ" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು.

ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ಆಶಾ ಕಾರ್ಯಕರ್ತೆ ಅಕ್ಕ ಹೇಳಿದರು: "ಇವರು ನೂಲು ಬಿಚ್ಚೋ ಕೆಲಸಕ್ಕೆ ಹೋಗ್ತಾರಲ್ಲ ಮೇಡಂ. ದಿನಾ ಆ ಹಬೆಯಲ್ಲೇ ಇರ್ತಾರೆ."

ಶಿಡ್ಲಘಟ್ಟ ಅಂದರೆ ರೇಷ್ಮೆ. ಗೂಡಿನ ಮಾರುಕಟ್ಟೆ ಇಲ್ಲೇ ಇದೆ, ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳೂ ಇಲ್ಲೇ ಇವೆ. ರೇಷ್ಮೆಯ ಪ್ರೋಟೀನು, ಸತ್ತ ಹುಳದ ಧೂಳು ಕೆಲವರಿಗೆ ಅಲರ್ಜಿಯಾಗಿ ಅಸ್ತಮಾ ಬರುತ್ತದೆ. ಇದು ನಾನು ಓದಿದ ವಿಷಯ. ಇಂಥ ಊರಲ್ಲಿ ಕೂತು "ಏನು ಕೆಲಸ ಮಾಡ್ತೀರಮ್ಮ?" ಅಂತ ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ. ಕೆಲಸ ಇಲ್ಲದ ದಿನ ದಮ್ಮು ಹೇಗಿರುತ್ತೆ ಅಂತಲೂ ಕೇಳಿದೆ. ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ದಾಗ ಎಂಟು ದಿನ ಆರಾಮಾಗಿದ್ದರಂತೆ. ವಾಪಸ್ ಕೆಲಸಕ್ಕೆ ಹೋದ ಮಾರನೇ ದಿನವೇ ಎದೆ ಬಿಗಿಯಿತಂತೆ. ಅರ್ಧ ರೋಗಪತ್ತೆ ಆ ಒಂದು ಉತ್ತರದಲ್ಲೇ ಇತ್ತು.

ಆ ವಾರ ಆಶಾ ಅಕ್ಕನ ಜೊತೆ ಅವರ ಮನೆಗೆ ಹೋದೆ. ಗಂಡನಿಗೆ ಬಿಪಿ ಇತ್ತು, ಮಾತ್ರೆ ಬಿಟ್ಟು ತಿಂಗಳುಗಳಾಗಿತ್ತು. ಮಾತ್ರೆ ನಮ್ಮಲ್ಲಿ ಪುಕ್ಕಟೆ, ಆದರೆ ಸಾಲಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ. ಹೆಂಡತಿ ಮೂರು ಸಲ ಪಿಎಚ್‌ಸಿಗೆ ಬಂದಿದ್ದರು. ಒಂದು ಸಲವಾದರೂ ನಾವು ಮನೆಯವರ ವಿಷಯ ಕೇಳಿದ್ದರೆ ಇದು ಆಗಲೇ ಗೊತ್ತಾಗುತ್ತಿತ್ತು, ಅಲ್ವಾ?

ಆಗ ನೆನಪಾಗಿದ್ದು ಎಸ್ಟೋನಿಯಾ. ಇಡೀ ಮನೆಯವರನ್ನು ಒಬ್ಬರೇ ಡಾಕ್ಟರ್ ನೋಡಿಕೊಳ್ಳುವ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ (ಎಂಬಿಬಿಎಸ್ ಆದಮೇಲಿನ ತಜ್ಞ ಓದು) ಮಾಡುವಾಗ ಪರೀಕ್ಷೆಗೆ ಅಂತ ಓದಿದ್ದೆ, ಸುಮ್ನೆ ಬಾಯಿಪಾಠ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂದ ಸಣ್ಣ ದೇಶ ಅದು. ಹಳೆಯ ವ್ಯವಸ್ಥೆಯಲ್ಲಿ ಪಾಲಿಕ್ಲಿನಿಕ್‌ಗಳಿದ್ದವು. ಮಕ್ಕಳಿಗೆ ಒಬ್ಬ ಡಾಕ್ಟರ್, ಹೆಂಗಸರಿಗೆ ಒಬ್ಬರು, ದೊಡ್ಡವರಿಗೆ ಇನ್ನೊಬ್ಬರು. ಇಡೀ ಮನೆ ಯಾರ ಜವಾಬ್ದಾರಿಯೂ ಆಗಿರಲಿಲ್ಲ. ಆರೋಗ್ಯ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವಾಗ ಅವರು ಹೊಸ ಡಾಕ್ಟರ್‌ಗಳು ಓದಿ ಬರಲಿ ಅಂತ ಕಾಯುತ್ತಾ ಕೂರಲಿಲ್ಲ. ಇದ್ದ ಡಾಕ್ಟರ್‌ಗಳಿಗೇ ಟಾರ್ಟು ವಿಶ್ವವಿದ್ಯಾಲಯದಲ್ಲಿ ಮತ್ತೆ ತರಬೇತಿ ಕೊಟ್ಟರು. 1993ರಲ್ಲಿ ಫ್ಯಾಮಿಲಿ ಮೆಡಿಸಿನ್ ಅಲ್ಲಿ ಪ್ರತ್ಯೇಕ ತಜ್ಞ ವಿಭಾಗವಾಯಿತು. ಆಮೇಲೆ ಪ್ರತಿ ಫ್ಯಾಮಿಲಿ ಡಾಕ್ಟರ್‌ಗೆ ಒಂದು ಪಟ್ಟಿ ಬಂತು. ಅದರಲ್ಲಿ ಸುಮಾರು 1,200ರಿಂದ 2,000 ಜನ. ಜೊತೆಗೆ ಒಬ್ಬ ಫ್ಯಾಮಿಲಿ ನರ್ಸ್. ಹಣದ ದೊಡ್ಡ ಪಾಲು ಬರುವುದೂ ಪಟ್ಟಿಯ ತಲೆ ಲೆಕ್ಕದಲ್ಲಿ. ಎಷ್ಟು ಚೀಟಿ ಬರೆದರು ಅನ್ನುವುದು ಅಲ್ಲಿ ಮುಖ್ಯವಾಗಲಿಲ್ಲ. ಪಟ್ಟಿಯಲ್ಲಿರುವವರು ಬಂದರೂ ಅವರ ಡಾಕ್ಟರ್, ಬರದಿದ್ದರೂ ಅವರ ಡಾಕ್ಟರ್.

ನಮ್ಮಲ್ಲಿ ಬಯಲುಸೀಮೆಯ ಪಿಎಚ್‌ಸಿಗೆ ಲೆಕ್ಕ 30,000 ಜನ. ಅಷ್ಟು ಮುಖ ನೆನಪಿಡಲು ಯಾವ ಡಾಕ್ಟರ್‌ಗೂ ಆಗುವುದಿಲ್ಲ. ಆದರೆ ನಮ್ಮ ಹತ್ತಿರ ಆಶಾ ಇದ್ದಾರೆ, ಸುಮಾರು 1,000 ಜನಕ್ಕೆ ಒಬ್ಬರು. ಪಟ್ಟಿ ಅವರ ತಲೆಯಲ್ಲಿ ಆಗಲೇ ಇದೆ. ಯಾರ ಮನೆಯಲ್ಲಿ ಹುಳ ಸಾಕುತ್ತಾರೆ, ಯಾರ ಸೊಸೆ ಬಸುರಿ, ಯಾವ ಅಜ್ಜ ಶುಗರ್ ಮಾತ್ರೆ ಬಿಟ್ಟಿದ್ದಾರೆ, ಎಲ್ಲ ಗೊತ್ತು. ನಾವು ಅವರನ್ನು ಬರೀ ರಿಜಿಸ್ಟರ್ ತುಂಬಿಸಲು ಕರೆಯುತ್ತೇವೆ. ಇದು ನಿಜಕ್ಕೂ ನೋವಿನ ವಿಷಯ.

ಒಂದೇ ಊರಿನಿಂದ ಶುರು ಮಾಡಿದೆವು. ಒಂದು ಪುಸ್ತಕ, ಅದರಲ್ಲಿ ಮನೆಗೊಂದು ಪುಟ. ಯಾರು ಯಾರಿದ್ದಾರೆ, ಏನು ಕೆಲಸ, ಅಡುಗೆ ಸೌದೆಯಲ್ಲೋ ಗ್ಯಾಸಿನಲ್ಲೋ, ಯಾರಿಗೆ ಯಾವ ಮಾತ್ರೆ. ಆ ಊರಿನವರು ಬಂದರೆ ಸಿಸ್ಟರ್ ಮೊದಲು ಪುಟ ತೆಗೆಯುತ್ತಾರೆ. ಗಂಡಸರ ಬಿಪಿಯನ್ನು ಸಂಜೆ ಉಪಕೇಂದ್ರದಲ್ಲೇ ನೋಡಿ ಮಾತ್ರೆ ಕೊಡುತ್ತೇವೆ, ಕೂಲಿ ತಪ್ಪುವುದಿಲ್ಲ. ಬೇರೆ ಡಾಕ್ಟರ್ ಕೂತರೂ ಪುಟ ಅದೇ. ಇದಕ್ಕೆ ಹೊಸ ಮಷಿನ್ ಬೇಕಾಗಲಿಲ್ಲ, ಹೊಸ ಕಟ್ಟಡವೂ ಬೇಕಾಗಲಿಲ್ಲ.

ಆದರೆ ಬರೀ ಪುಸ್ತಕದಿಂದ ಆಗುವ ಕೆಲಸ ಇದಲ್ಲ. ಎಂಬಿಬಿಎಸ್‌ನಲ್ಲಿ ಫ್ಯಾಮಿಲಿ ಮೆಡಿಸಿನ್ ಒಂದು ಪ್ರತ್ಯೇಕ ವಿಷಯವಾಗಿ ನನಗೆ ಯಾರೂ ಕಲಿಸಲಿಲ್ಲ. ಅದಕ್ಕೆ ಈಗ ನಮ್ಮಲ್ಲಿಗೆ ಬರುವ ಇಂಟರ್ನ್‌ಗಳನ್ನು ಮೊದಲ ದಿನ ಒಪಿಡಿಯಲ್ಲಿ ಕೂರಿಸುವುದಿಲ್ಲ. ಆಶಾ ಅಕ್ಕನ ಜೊತೆ ಹತ್ತು ಮನೆ ಸುತ್ತಿ ಬನ್ನಿ ಅಂತ ಕಳಿಸುತ್ತೇನೆ. ವಾಪಸ್ ಬಂದವರು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಆ ಅಮ್ಮ ಕೆಲಸ ಬಿಡಲಿಲ್ಲ. ಬಿಟ್ಟರೆ ಮನೆ ನಡೆಯುವುದಿಲ್ಲ. ಮಾಲೀಕರ ಹತ್ತಿರ ಮಾತಾಡಿ, ಗೂಡು ಬೇಯಿಸುವ ಜಾಗದಿಂದ ದೂರ, ಗಾಳಿ ಆಡುವ ಕಡೆ ಕೆಲಸ ಕೊಡಿಸಿದೆವು. ದಿನಾ ಇನ್‌ಹೇಲರ್ ಎಳೆದುಕೊಳ್ಳುತ್ತಾರೆ. ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಮಲಗಿ ನಿದ್ದೆ ಮಾಡುತ್ತಾರೆ.

ನನ್ನ ಚಿಂತೆ ಈಗ ವರ್ಗಾವಣೆಯದ್ದು. ಇವತ್ತಲ್ಲ ನಾಳೆ ನಾನು ಹೋಗಲೇಬೇಕು. ಹೊಸಬರು ಬಂದ ದಿನ ಔಷಧದ ಸ್ಟಾಕ್, ಫ್ರಿಜ್‌ನ ಬೀಗ ಒಪ್ಪಿಸುವ ಮೊದಲು ಈ ಪುಸ್ತಕ ಅವರ ಕೈಗೆ ಕೊಡಬೇಕು, ಆಶಾ ಅಕ್ಕನ ಜೊತೆ ಒಂದು ದಿನ ಊರು ಸುತ್ತಿಸಬೇಕು ಅಂತ ಸಿಸ್ಟರ್‌ಗೆ ಈಗಲೇ ಹೇಳಿಟ್ಟಿದ್ದೇನೆ.