ಸಂಪ್ ತುಂಬಿ ಹರಿದ ದಿನ

ಅವತ್ತಿಗೆ ನಳ ಬಂದು ಒಂಬತ್ತು ದಿನ ಆಗಿತ್ತು. ಬೆಟಗೇರಿಯಲ್ಲಿ ಮನೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಸಂಪ್ ತುಂಬಿಸಿಕೊಳ್ಳಬೇಕು, ಸಂಪಿನಿಂದ ಮೇಲಿನ ಟಾಕಿಗೆ ಏರಿಸಬೇಕು, ಕೊಡ, ಬಕೆಟ್, ಹಂಡೆ, ಕೊನೆಗೆ ಕುಕ್ಕರ್ ಕೂಡ ತುಂಬಿಡಬೇಕು. ಯಾವ ಹೊತ್ತಿಗೆ ಬರುತ್ತದೆ ಅಂತ ಮಾತ್ರ ಕೇಳಬೇಡಿ. ರಾತ್ರಿ ಎರಡಕ್ಕೆ ಬಂದಿದೆ. ಮದುವೆಗೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗಲೂ ಬಂದಿದೆ.

ಆದರೆ 2024ರ ಆಗಸ್ಟ್ 4ರಂದು ಬರಬಾರದಿತ್ತು. ರವಿವಾರ, ನಾಗರ ಅಮಾವಾಸ್ಯೆ, ಮಧ್ಯಾಹ್ನ ಒಂದೂವರೆಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಮತ್ತು ಬ್ರಿಟನ್ ನಡುವೆ ಹಾಕಿ ಕ್ವಾರ್ಟರ್ ಫೈನಲ್. ಎರಡು ದಿನ ಮುಂಚೆ ಆಸ್ಟ್ರೇಲಿಯಾವನ್ನು 3-2ರಿಂದ ಹೊಡೆದಿದ್ದೆವು. ಒಲಿಂಪಿಕ್ಸ್‌ನಲ್ಲಿ ಅವರನ್ನು ಸೋಲಿಸಿ 52 ವರ್ಷ ಆಗಿತ್ತು ಅಂದರೆ ನನ್ನ ತಲೆ ಎಷ್ಟು ಮೇಲೆ ಹೋಗಿತ್ತು ಅಂತ ನೀವೇ ಲೆಕ್ಕ ಹಾಕಿ. ನಾನು ಬೆಳಿಗ್ಗೆಯೇ ಮನೆಯಲ್ಲಿ ಹೇಳಿಟ್ಟಿದ್ದೆ, ಒಂದೂವರೆಯಿಂದ ನನ್ನನ್ನು ಯಾರೂ ಕರೆಯಬೇಡಿ, ಹೋಳಿಗೆ ಬೇಕಾದರೆ ಟಿವಿ ಮುಂದೆಯೇ ಕೊಡಿ.

ಹಾಕಿ ಹುಚ್ಚು ನನಗೆ ಅಪ್ಪನಿಂದ ಬಂದದ್ದು. 1980ರಲ್ಲಿ ಮಾಸ್ಕೋದಲ್ಲಿ ಸ್ಪೇನ್ ವಿರುದ್ಧ 4-3ರಿಂದ ಗೆದ್ದು ಚಿನ್ನ ತಂದಾಗ ನಾನು ಎರಡನೇ ಇಯತ್ತೆ. ರೇಡಿಯೋ ಮುಂದೆ ಅಪ್ಪ ಎದ್ದು ನಿಂತದ್ದು ನೆನಪಿದೆ, ಆಟ ನೆನಪಿಲ್ಲ. ಅದಾದ ಮೇಲೆ ಒಲಿಂಪಿಕ್ಸ್ ಪದಕ ಬಂದದ್ದು ಟೋಕಿಯೋದಲ್ಲಿ, 2021ರಲ್ಲಿ. ಅಷ್ಟರಲ್ಲಿ ನನ್ನ ಮಗನೇ ಹೈಸ್ಕೂಲಿಗೆ ಹೋಗುತ್ತಿದ್ದ, ಅಪ್ಪ ಇರಲಿಲ್ಲ. ನಡುವಿನ 41 ವರ್ಷ ನಮ್ಮಂಥವರು ಹೇಗೆ ಕಳೆದೆವು ಅಂತ ಕ್ರಿಕೆಟ್ ಮಂದಿಗೆ ಹೇಳಿದರೆ ತಿಳಿಯುವುದಿಲ್ಲ, ಬಿಡಿ.

ಈಗ ಮನೆಯ ಕಥೆ. ನಮ್ಮ ನಳ ಇರುವುದು ಅಂಗಳದ ಒಂದು ಗುಂಡಿಯಲ್ಲಿ, ಯಾಕಂದರೆ ಪ್ರೆಷರ್ ಕಮ್ಮಿ, ಮೇಲಕ್ಕೆ ಏರುವುದಿಲ್ಲ. ಪಕ್ಕದಲ್ಲೇ ಸಂಪ್. ಅದರ ಬಾಯಿಗೆ ಫರ್ಸಿ ಕಲ್ಲಿನ ಮುಚ್ಚಳ, ಮುಚ್ಚಳಕ್ಕೊಂದು ಕಬ್ಬಿಣದ ಕಡಿ. ಆ ಕಡಿಗೆ ಹಳೆಯ ಹಾಕಿ ಸ್ಟಿಕ್ಕಿನ ಡೊಂಕು ತುದಿ ಸಿಕ್ಕಿಸಿ ಎಳೆದರೆ ಸೊಂಟ ಬಗ್ಗಿಸದೆ ಮುಚ್ಚಳ ಸರಿಯುತ್ತದೆ. ಇದು ನನ್ನದೇ ಕಂಡುಹಿಡಿತ, ಓಣಿಯಲ್ಲಿ ಇಬ್ಬರು ಕಾಪಿ ಹೊಡೆದಿದ್ದಾರೆ.

ಸ್ಟಿಕ್ ರಿಪೇರಿ ನನ್ನ ಹವ್ಯಾಸ. ಮೇಲಿನ ಪಡಸಾಲೆಯಲ್ಲಿ ಒಂದು ಬೆಂಚ್, ಎರಡು ಕ್ಲ್ಯಾಂಪ್, ಒಂದು ರಂದಾ, ಫೆವಿಕಾಲ್ ಡಬ್ಬಿ. ಹಳೆಯ ಕಟ್ಟಿಗೆಯ ಸ್ಟಿಕ್ ಅಂದರೆ ಹಿಪ್ಪುನೇರಳೆಯ ತಲೆ, ಬೆತ್ತದ ಹಿಡಿಕೆ, ಹೊಡೆತದ ಝುಮ್ಮು ಕೈಗೆ ಬರದಿರಲಿ ಅಂತ ಬೆತ್ತದ ನಡುವೆ ರಬ್ಬರ್ ಪಟ್ಟಿ. ತಲೆ ಮತ್ತು ಹಿಡಿಕೆ ಸೇರುವ ಜಾಗದಲ್ಲಿ ಬಿರುಕು ಬಿಟ್ಟರೆ ಅಂಟು ಹಾಕಿ, ಬಿಗಿದು, ಒಂದು ರಾತ್ರಿ ಬಿಟ್ಟು, ಮೇಲೆ ದಾರ ಸುತ್ತಿದರೆ ಇನ್ನೊಂದು ವರ್ಷ ಆಡಬಹುದು. ಈಗಿನ ಕಾರ್ಬನ್, ಫೈಬರ್ ಸ್ಟಿಕ್ಕಿಗೆ ಇದು ನಡೆಯುವುದಿಲ್ಲ. ಅವು ಒಳಗೊಳಗೇ ಸೀಳುತ್ತವೆ, ಮುಗೀತು. ಮೈದಾನದ ಹುಡುಗರು ಅಂಥವನ್ನೂ ತಂದು ‘ಅಂಕಲ್, ನೋಡ್ರಿ’ ಅನ್ನುತ್ತಾರೆ. ನೋಡುತ್ತೇನೆ, ಏನೂ ಮಾಡಕ್ಕಾಗಲ್ಲ, ಆದರೂ ಇಟ್ಟುಕೊಳ್ಳುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟದ್ದೂ ಕಾರ್ಬನ್ ಸ್ಟಿಕ್ಕೇ.

ಪಂದ್ಯ ಶುರುವಾಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಓಣಿಯ ಆ ತುದಿಯಿಂದ ಕೂಗು ಬಂತು, ‘ನೀರ ಬಂದಾವ್ರೀ...’ ಹೆಂಡತಿ ಒಲೆ ಮುಂದೆ, ಕೈಯೆಲ್ಲ ಹೂರಣ. ಅವ್ವ ಪಂಚಮಿ ಉಂಡಿಗೆ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಟಿವಿ ಮುಂದೆ. ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಕದಲಲಿಲ್ಲ. ನಾನೇ ಎದ್ದೆ.

ಮೊದಲು ಬರುವುದು ಕೆಂಪು ನೀರು. ಅದನ್ನು ಸಂಪಿಗೆ ಬಿಟ್ಟರೆ ಒಂಬತ್ತು ದಿನ ಕೆಸರೇ ಗತಿ, ಹೊರಗೆ ಬಿಡಬೇಕು. ಕೆಂಪು ಹೋಗಿ ತಿಳಿ ಬರುವಷ್ಟರಲ್ಲಿ ಒಳಗಿಂದ ಮಗ ಚೀರಿದ, ‘ಅಪ್ಪಾ, ರೆಡ್ ಕಾರ್ಡ್!’ ಹದಿನೇಳನೇ ನಿಮಿಷ. ಅಮಿತ್ ರೋಹಿದಾಸ್ ಸ್ಟಿಕ್ ಬ್ರಿಟನ್ ಆಟಗಾರನ ಮುಖಕ್ಕೆ ತಾಗಿತ್ತು. ಬೇಕಂತ ಹೊಡೆದದ್ದಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ, ಆದರೆ ಅಂಪೈರ್‌ಗೆ ಹಾಗೆ ಕಾಣಲಿಲ್ಲ. ಹೋದವನು ಸಾಮಾನ್ಯ ಆಟಗಾರನೂ ಅಲ್ಲ. ಪೆನಾಲ್ಟಿ ಕಾರ್ನರ್, ಅಂದರೆ ಗೋಲ್ ಹತ್ತಿರ ತಪ್ಪು ಮಾಡಿದ್ದಕ್ಕೆ ಎದುರಾಳಿಗೆ ಸಿಗುವ ಹೊಡೆತ, ಎದುರಾದಾಗ ಗೋಲ್ ಗೆರೆಯಿಂದ ಎಲ್ಲರಿಗಿಂತ ಮುಂಚೆ ಓಡಿ ಬಂದು ಚೆಂಡಿಗೆ ಎದೆಯೊಡ್ಡುವವನು ಅವನೇ. ಇನ್ನು 43 ನಿಮಿಷ, ಹತ್ತೇ ಮಂದಿ.

ಪೈಪ್ ಬಿಟ್ಟು ಹೋಗುವ ಹಾಗಿಲ್ಲ, ಬಿಟ್ಟರೆ ಕಳಚಿಕೊಳ್ಳುತ್ತದೆ. ಒಂದು ಕಾಲಿನಿಂದ ಪೈಪ್ ಒತ್ತಿ ಹಿಡಿದು, ಕಿಟಕಿಯ ಸರಳು ಹಿಡಿದು ಬಗ್ಗಿದರೆ ಟಿವಿಯ ಎಡ ಅರ್ಧ ಕಾಣುತ್ತದೆ. ಚೆಂಡು ಬಲಕ್ಕೆ ಹೋದರೆ ನನಗೆ ಕಾಣುವುದು ಅವ್ವನ ಶೇಂಗಾ ಮೊರ ಮಾತ್ರ. 22ನೇ ನಿಮಿಷಕ್ಕೆ ಹರ್ಮನ್‌ಪ್ರೀತ್ ಹೊಡೆದ ಗೋಲ್ ಹೀಗೆಯೇ ತಪ್ಪಿತು, ಮಗನ ಕುಣಿತ ನೋಡಿ ಅರ್ಥ ಮಾಡಿಕೊಂಡೆ. 27ಕ್ಕೆ ಅವರು ಸಮ ಮಾಡಿದ್ದು ಮಾತ್ರ ಸರಿಯಾಗಿ ಕಾಣಿಸಿತು. ನನ್ನ ನಸೀಬು.

ಅವ್ವ ಒಮ್ಮೆ ಕೇಳಿದಳು, ‘ನಮ್ಮವರೊಳಗ ಒಬ್ಬಂವ ಯಾಕ ಕಡಿಮಿ ಅದಾನ?’ ‘ಹೊರಗ ಹಾಕ್ಯಾರ ಅವ್ವ.’ ‘ಹಂಗಾರ ಇನ್ನೊಬ್ಬನ್ನ ಇಳಸಬೇಕಿಲ್ಲ!’ ಹಾಗೆ ಇಳಿಸಲು ಬರುವುದಿಲ್ಲ ಅಂತ ಹೇಳಿದ್ದಕ್ಕೆ ಆಕೆಗೆ ಆಟದ ಮೇಲೆ ಇದ್ದಬಿದ್ದ ಗೌರವವೂ ಹೋಯಿತು. ಆದರೆ ಎದ್ದು ಹೋಗಲಿಲ್ಲ. ಬ್ರಿಟನ್‌ನವರು ಮತ್ತೆ ಮತ್ತೆ ನುಗ್ಗುವುದು, ನಮ್ಮ ಗೋಲಿ ಶ್ರೀಜೇಶ್ ತಡೆಯುವುದು, ನಮ್ಮವರು ಚೆಂಡನ್ನು ದೂರ ಹೊಡೆದು ಉಸಿರು ತೆಗೆದುಕೊಳ್ಳುವುದು. ಶ್ರೀಜೇಶ್ ಇದೇ ನನ್ನ ಕೊನೆಯ ಟೂರ್ನಿ ಅಂತ ಮುಂಚೆಯೇ ಹೇಳಿದ್ದರು, ಹಾಗಾಗಿ ಇವತ್ತು ಸೋತರೆ ಮುಂದಿನದಿಲ್ಲ.

60 ನಿಮಿಷ ಮುಗಿದು 1-1. ಶೂಟೌಟ್. ಇದರಲ್ಲಿ ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಂದು ಎಂಟು ಸೆಕೆಂಡಿನಲ್ಲಿ ಗೋಲ್ ಹೊಡೆಯಬೇಕು, ಎದುರು ಗೋಲಿ ಒಬ್ಬನೇ. ಇಲ್ಲಿ ನಾನೊಂದು ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಪೈಪನ್ನು ಸಂಪಿನ ಬಾಯೊಳಗೆ ಇಳಿಬಿಟ್ಟು, ಮೇಲೆ ಮುಚ್ಚಳ ಅರ್ಧ ಎಳೆದು ಅದುಮಿ, ಒಳಗೆ ಓಡಿದೆ. ಸಂಪ್ ಎಷ್ಟು ತುಂಬಿದೆ ಅಂತ ನೋಡಲಿಲ್ಲ.

ಅವರದು ಎರಡು ಬಿತ್ತು, ನಮ್ಮದೂ ಎರಡು. ಅವರ ಮೂರನೆಯವನು ಹೊರಗೆ ಹೊಡೆದ, ಲಲಿತ್ ಒಳಗೆ ಹಾಕಿದ. ನಾಲ್ಕನೆಯವನನ್ನು ಶ್ರೀಜೇಶ್ ನಿಲ್ಲಿಸಿದರು. ರಾಜ್‌ಕುಮಾರ್ ಪಾಲ್ ಚೆಂಡು ತಂದ, ಹಾಕಿದ, 4-2. ನಾನೂ ಮಗನೂ ಕುಣಿದ ರಭಸಕ್ಕೆ ಶೇಂಗಾ ಮೊರ ಮಗುಚಿತು. ಅದೇ ಹೊತ್ತಿಗೆ ಎದುರು ಮನೆಯ ಕಾಕಾ ಗೇಟ್ ಬಡಿಯತೊಡಗಿದರು, ‘ಸರ, ನಿಮ್ಮ ನೀರ ನಮ್ಮ ಕಟ್ಟಿ ಮುಟ್ಟ್ಯಾವ್ರೀ!’

ಒಂಬತ್ತು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ನೀರು ಹರಿಯಬಿಡುವುದು ಸಣ್ಣ ಅಪರಾಧ ಅಲ್ಲ. ಅಂಗಳ ತುಂಬಿ, ಗೇಟಿನ ಕೆಳಗಿಂದ ಓಣಿಗೆ, ಓಣಿಯಿಂದ ಗಟಾರಕ್ಕೆ. ಹೆಂಡತಿ ಹೂರಣದ ಕೈಯಲ್ಲೇ ಹೊರಗೆ ಬಂದು ಬರೀ ಒಂದು ಮಾತು ಹೇಳಿದಳು, ‘ಗೆದ್ದ್ರೇನ್ರಿ?’ ‘ಗೆದ್ವಿ’ ಅಂದೆ. ‘ಹಂಗಾರ ಈಗ ಬಳೀರಿ.’ ಸಂಜೆ ಕಾಕಾ ಮನೆಗೆ ಹೋಳಿಗೆ ಕಳಿಸಿದ್ದಾಯಿತು.

ಮಂಗಳವಾರ ರಾತ್ರಿ ಸೆಮಿಫೈನಲ್‌ನಲ್ಲಿ ಜರ್ಮನಿಗೆ 2-3ರಿಂದ ಸೋತೆವು. ಆ ಕಾರ್ಡಿನಿಂದಾಗಿ ರೋಹಿದಾಸ್ ಆಡುವಂತಿರಲಿಲ್ಲ. ಅದರ ಬಗ್ಗೆ ಬರೆಯೋಕೆ ಮನಸ್ಸಿಲ್ಲ. ಗುರುವಾರ ನಾಗರ ಚೌತಿ, ಹೆಂಗಸರು ಹಾಲೆರೆದು ಬಂದಿದ್ದರು, ಸಂಜೆ ಸ್ಪೇನ್ ವಿರುದ್ಧ 2-1, ಎರಡೂ ಹರ್ಮನ್‌ಪ್ರೀತ್ ಗೋಲ್, ಕಂಚು. ಅವ್ವ ಮೊದಲ ಉಂಡಿ ಟಿವಿಗೆ ತೋರಿಸಿ ಮೊಮ್ಮಗನ ಬಾಯಿಗಿಟ್ಟಳು.

ಆ ಕಿಟಕಿಯ ಮೂಲೆಗೆ ಒಂದು ಬಿರುಕಿದೆ. ನಮ್ಮದು ಎರಿ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮನೆ ಅದರ ಜೊತೆ ಏಳುತ್ತ ಇಳಿಯುತ್ತ ಇರುತ್ತದೆ. ಬಿರುಕು ಎಲ್ಲಿಯವರೆಗೆ ಬಂತು ಅಂತ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಹಾಕುವುದು ನನ್ನ ರೂಢಿ. ಅವತ್ತು ಅಂಗಳ ಬಳಿದು ಮುಗಿಸಿ ಅಲ್ಲೇ ‘4-8-24, 4-2’ ಅಂತಲೂ ಬರೆದಿದ್ದೆ. ದೀಪಾವಳಿಗೆ ಬಣ್ಣ ಹಚ್ಚಲು ಬಂದವನು ಬ್ರಷ್ ಹಿಡಿದು ನಿಂತು ಕೇಳಿದ, ‘ಸರ, ಇದು ಹಾಲಿನ ಲೆಕ್ಕ ಏನ್ರಿ, ಅಳಸಲೇನು?’ ಹೆಂಡತಿ ಒಳಗಿಂದಲೇ ಹೇಳಿದಳು, ‘ಅದನ್ನ ಬಿಟ್ಟ ಹಚ್ಚಪಾ.’