ಯಜಮಾನರು ತೀರಿಕೊಂಡರೆ ಆ ನಾಯಿಯನ್ನು ಇನ್ನೊಬ್ಬರಿಗೆ ಕೊಡಬಹುದಲ್ಲ?

ಅಂಧರಿಗೆ, ಕಾಯಿಲೆಯವರಿಗೆ ನೆರವಾಗಲು ತರಬೇತಿ ಪಡೆದ ಸಹಾಯಕ ನಾಯಿಗಳಿಗೆ ಹೊಸ ಮನೆ ಹುಡುಕುವ ಕೆಲಸದಲ್ಲಿದ್ದೇನೆಂದು ತಿಳಿದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಕೆಲವೊಮ್ಮೆ ಕೊಡಬಹುದು, ಅನೇಕ ಸಲ ಆಗುವುದಿಲ್ಲ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗದ ಕಾರಣ ಬರೆಯುತ್ತಿದ್ದೇನೆ.

ಅಂಧರೊಬ್ಬರು ತೀರಿಕೊಂಡ ಮನೆಯಲ್ಲಿ, ದುಃಖ ಇನ್ನೂ ಹಸಿಯಾಗಿರುವಾಗಲೇ, ಬಂಧುವೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ತಾಯಿಗೂ ಕಣ್ಣು ಕಾಣುವುದಿಲ್ಲ. ಇದಕ್ಕೆ ದಾರಿಯೆಲ್ಲ ಗೊತ್ತಲ್ಲ, ನಾಳೆಯೇ ಕರೆದೊಯ್ಯುತ್ತೇವೆ" ಎಂದರು. ನನಗೆ ಸಿಟ್ಟು ಬಂತು, ಈಗಲೂ ಬರುತ್ತದೆ. ದಾರಿ ಗೊತ್ತಿರಬೇಕಾದದ್ದು ಮುಖ್ಯವಾಗಿ ಮನುಷ್ಯನಿಗೆ. ಎಲ್ಲಿ ತಿರುಗಬೇಕು, ಯಾವಾಗ ರಸ್ತೆ ದಾಟಬೇಕು ಎಂದು ನಿರ್ಧರಿಸುವವರು ನಾಯಿಯ ಮೈಪಟ್ಟಿಯ ಹಿಡಿಕೆ ಹಿಡಿದವರು. ನಾಯಿ ಅಡೆತಡೆಗಳನ್ನು ತಪ್ಪಿಸಿ, ಮೆಟ್ಟಿಲ ಬಳಿ ನಿಂತು, ವಾಹನ ನುಗ್ಗಿ ಬರುತ್ತಿದ್ದರೆ ಮುಂದೆ ನಡೆಯೆಂದು ಆಜ್ಞೆಯಿತ್ತರೂ ಕದಲದೆ ಉಳಿಯುತ್ತದೆ. ಆಗ ನಾಯಿಯನ್ನು ನಂಬಿ ತಾನೂ ನಿಲ್ಲುವುದನ್ನು ಮನುಷ್ಯ ಕಲಿತಿರಬೇಕು. ನಡಿಗೆಯ ವೇಗ, ಎತ್ತರ, ನಾಯಿ ಎಳೆಯುವ ಬಲ, ಇವೆಲ್ಲ ಹೊಂದಬೇಕು. ಆ ತಾಯಿಯ ನಡಿಗೆ ಹೇಗಿದೆಯೆಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ.

ಹೀಗೆ ಅಂಧರನ್ನು ನಡೆಸುವ ಮಾರ್ಗದರ್ಶಿ ನಾಯಿ ಸಾಮಾನ್ಯವಾಗಿ ಸುಮಾರು 2 ವರ್ಷಕ್ಕೆ ಕೆಲಸ ಆರಂಭಿಸಿ 8ರಿಂದ 10 ವರ್ಷ ವಯಸ್ಸಿನೊಳಗೆ ನಿವೃತ್ತಿಯಾಗುತ್ತದೆ. ಎಳೆಯದಾಗಿದ್ದು ಆರೋಗ್ಯವಾಗಿದ್ದರೆ, ಮರುತರಬೇತಿಯ ನಂತರ ಹೊಸ ಜೋಡಿ ಕೂಡಿಸಬಹುದು. ಒಬ್ಬ ಮಧುಮೇಹಿಯ ಬೆವರು, ಉಸಿರುಗಳ ವಾಸನೆಯಿಂದ ಸಕ್ಕರೆ ಇಳಿದದ್ದನ್ನು ಗುರುತಿಸಲು ಕಲಿತ ನಾಯಿಗಾದರೋ ಹೊಸಬರಿಗಾಗಿ ಮತ್ತೆ ಕಲಿಸಬೇಕು. ಇನ್ನು ನಿರ್ಧಾರ ಯಾರದೆಂಬುದು ನಾಯಿಯನ್ನು ತರಬೇತಿಗೊಳಿಸಿ ಕೊಟ್ಟ ಸಂಸ್ಥೆಯನ್ನು ಅವಲಂಬಿಸಿದೆ: ಬ್ರಿಟನ್ನಿನ ಗೈಡ್ ಡಾಗ್ಸ್ ನಾಯಿಯ ಒಡೆತನವನ್ನು ತಾನೇ ಉಳಿಸಿಕೊಳ್ಳುತ್ತದೆ, 1929ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೀಯಿಂಗ್ ಐ ಅದನ್ನು ಬಳಸುವವರಿಗೇ ಬಿಟ್ಟುಕೊಡುತ್ತದೆ.

ಕೆಲಸ ಮುಂದುವರಿಸಲಾಗದ ನಾಯಿಗೆ ಒಳ್ಳೆಯ ಮನೆ ಬೇಕು, ಅಷ್ಟೆ. ಇಡೀ ದಿನ ಒಬ್ಬರ ಪಕ್ಕದಲ್ಲೇ ಕಳೆದ ಪ್ರಾಣಿಯನ್ನು, ಬೆಳಗಿನಿಂದ ಸಂಜೆಯವರೆಗೆ ಬೀಗ ಬೀಳುವ ಮನೆಗೆ, ಅಲ್ಲಿಯವರು ಎಷ್ಟೇ ಪ್ರೀತಿಯವರಾಗಿದ್ದರೂ, ನಾನು ಕಳಿಸುವುದಿಲ್ಲ. ಮರಿಯಾಗಿದ್ದಾಗ ಸಾಕಿದ ಕುಟುಂಬ ಮತ್ತೆ ಕೈಚಾಚಿದರೆ ನನಗೆ ಬಹಳ ಸಂತೋಷವಾಗುತ್ತದೆ.

ಇಷ್ಟೆಲ್ಲ ಕೇಳುವವರು, ಬದುಕಿರುವಾಗಲೇ ಏನು ಮಾಡಿಡಬೇಕೆಂದು ಮಾತ್ರ ಕೇಳುವುದಿಲ್ಲ. ಒಂಟಿಯಾಗಿರುವವರು ಮನೆಯಲ್ಲಿ ನಾಯಿಯಿದೆಯೆಂಬ ಚೀಟಿಯನ್ನು, ಕೀಲಿ ಇರುವವರ ಫೋನ್ ಸಂಖ್ಯೆಯೊಂದಿಗೆ, ಸದಾ ಜೇಬಿನಲ್ಲಿಡಬೇಕು. ಬಳಸುವ ಆಜ್ಞೆಗಳು, ಆಹಾರ, ಔಷಧ, ಪಶುವೈದ್ಯರ ಹೆಸರು, ಸಂಸ್ಥೆಯೊಂದಿಗಿನ ಒಪ್ಪಂದ, ಎಲ್ಲವೂ ಒಂದೇ ಹಾಳೆಯಲ್ಲಿರಲಿ. ತಾತ್ಕಾಲಿಕವಾಗಿ ನೋಡಿಕೊಳ್ಳುವವರ ಹೆಸರನ್ನು ಅವರ ಒಪ್ಪಿಗೆ ಪಡೆದೇ ಬರೆಯಿರಿ. ನಾಯಿಯೂ ಆ ಮನೆಯಲ್ಲಿ ಮೊದಲೇ ಕೆಲವು ರಾತ್ರಿ ಉಳಿದು ಬಂದಿರಲಿ.