ಮುರಿದ ಸೂಜಿ, ಬೀಗ ಹಾಕಿದ ಬಾಗಿಲು

ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಹೊಸದನ್ನು ಸುಮ್ಮನೆ ಕೊಡುವುದಿಲ್ಲ. ಚೂರುಗಳನ್ನೆಲ್ಲ ಹುಡುಕಿ, ಹಾಳೆಗೆ ಅಂಟಿಸಿ, ಪೂರ್ತಿ ಸೂಜಿ ಆಯಿತೆಂದು ತೋರಿಸಿದ ಮೇಲೇ ಇನ್ನೊಂದು. ಬಟ್ಟೆಯಲ್ಲಿ ಚೂರು ಉಳಿದು ಯಾವುದೋ ದೇಶದ ಮಗುವಿಗೆ ಚುಚ್ಚಬಾರದಲ್ಲ, ಅದಕ್ಕೆ. ಒಮ್ಮೆ ಅರ್ಧ ಗಂಟೆ ನೆಲದ ಮೇಲೆ ಕೂತು ಮೆಷಿನ್ ಕೆಳಗೆ ಅಯಸ್ಕಾಂತ ಆಡಿಸಿದ್ದೆ. ಚೂರು ಸಿಕ್ಕಿತು, ಟಾರ್ಗೆಟ್ ಹೋಯಿತು.

ಬೆಂಗಳೂರಲ್ಲಿ ಆರು ವರ್ಷ ಕಾಲರ್ ಕೂರಿಸಿ ಸಾಕಾಗಿ ಯಾದಗಿರಿಗೆ ವಾಪಸ್ ಬಂದವಳು ನಾನು. ಸ್ಟೇಷನ್ ರಸ್ತೆಯ ಹತ್ತಿರ ಸಣ್ಣ ಟೇಲರಿಂಗ್ ಅಂಗಡಿ: ಬ್ಲೌಸು, ಫಾಲು, ಜೂನ್ ಬಂದರೆ ಶಾಲೆ ಯೂನಿಫಾರ್ಮು. ಮಧ್ಯಾಹ್ನ ಬಿಸಿಲಿಗೆ ಗಿರಾಕಿಗಳು ಬರುವುದಿಲ್ಲ. ಆಗ ಬಿಎ ಪುಸ್ತಕ ತೆಗೆಯುತ್ತೇನೆ. ಈ ಸಲ ಅಮೆರಿಕದ ಇತಿಹಾಸ ಇದೆ. ಕಾರ್ನೆಗಿಯ ಉಕ್ಕು, ರಾಕ್‌ಫೆಲ್ಲರ್‌ನ ಎಣ್ಣೆ, 1898ರಲ್ಲಿ ಸ್ಪೇನ್ ಜೊತೆ ಯುದ್ಧ ಮಾಡಿ ಫಿಲಿಪ್ಪೀನ್ಸ್ ಇಟ್ಟುಕೊಂಡದ್ದು. ಇವೆಲ್ಲ ಪರೀಕ್ಷೆಗೆಂದು ಬಾಯಿಪಾಠ ಆದವು, ಅಷ್ಟೇ. ಒಂದು ಪುಟದ ಕೊನೆಗೆ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದದ್ದನ್ನು ಒಂದೇ ಸಾಲಲ್ಲಿ ಮುಗಿಸಿದ್ದರು. ಶರ್ಟ್‌ವೇಸ್ಟ್ ಅಂದರೇನು ಅಂತ ಮೊಬೈಲ್‌ನಲ್ಲಿ ನೋಡಿದೆ. ಗಂಡಸರ ಅಂಗಿಯ ಹಾಗೆ ಕಾಲರ್, ಕಫ್, ಮುಂದೆ ಗುಂಡಿ ಇರುವ ಹೆಂಗಸರ ಬ್ಲೌಸ್. ಕಾಲರ್ ಅಂದಮೇಲೆ ನನ್ನ ಕೆಲಸವೇ ಆಯಿತು. ಆವತ್ತು ಸಂಜೆ ಹೊಲಿಗೆ ಹಾಗೇ ಉಳಿಯಿತು.

ಅಲ್ಲಿ ಹೊಲಿಯುತ್ತಿದ್ದವರು ಹೆಚ್ಚಾಗಿ ಇಟಲಿಯಿಂದ, ರಷ್ಯಾ ಸಾಮ್ರಾಜ್ಯದಿಂದ ಬಂದ ಹುಡುಗಿಯರು. ರಷ್ಯಾದ ಕಡೆಯವರು ಯಹೂದಿಗಳು. ನಮ್ಮ ಕಡೆಯವರು ಗುಳೆ ಹೋಗುವಾಗ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹಿಡಿದ ಹಾಗೆ ಅವರು ಹಡಗಿನ ತಳದ ಅಗ್ಗದ ಜಾಗ ಹಿಡಿದು ನ್ಯೂಯಾರ್ಕ್‌ಗೆ ಬಂದರು. ಇಳಿಸುತ್ತಿದ್ದದ್ದು ಎಲ್ಲಿಸ್ ದ್ವೀಪದಲ್ಲಿ. ಅದು ಶುರುವಾದದ್ದು 1892ರ ಜನವರಿ 1ಕ್ಕೆ. ಮೊದಲು ಹೆಸರು ಬರೆಸಿದವಳು ಆನಿ ಮೂರ್ ಎಂಬ ಐರ್ಲೆಂಡಿನ ಹುಡುಗಿ. 1954ರಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 1 ಕೋಟಿ 20 ಲಕ್ಷ ಜನ ಅಲ್ಲಿಂದ ಹಾದುಹೋಗಿದ್ದರು. ಡಾಕ್ಟರು ರೆಪ್ಪೆ ಮಗುಚಿ ಕಣ್ಣು ನೋಡುತ್ತಿದ್ದರು, ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತಿದ್ದರು. (ಸಂತೆಯಲ್ಲಿ ಕುರಿಗೆ ಬಣ್ಣ ಹಚ್ಚುವುದು ನೆನಪಾಯಿತು.)

ಅಲ್ಲಿ ಕೇಳುತ್ತಿದ್ದ ಪ್ರಶ್ನೆಯೊಂದನ್ನು ಓದಿ ನಕ್ಕುಬಿಟ್ಟೆ. ಕೆಲಸ ಮೊದಲೇ ಗೊತ್ತಾಗಿದೆಯೇ? ಹೌದೆಂದರೆ ಕಷ್ಟ, ಯಾಕೆಂದರೆ 1885ರ ಕಾನೂನಿನ ಪ್ರಕಾರ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಹೊರಗಿನಿಂದ ತರುವಂತಿಲ್ಲ. ಕೆಲಸವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಅಂದರೂ ಕಷ್ಟ. ಸರ್ಕಾರಕ್ಕೆ ಹೊರೆಯಾಗುತ್ತಾರೆಂದು ವಾಪಸ್ ಕಳಿಸಬಹುದು. ಎರಡರ ನಡುವೆ ಒಂದು ಉತ್ತರ ಬೇಕು: ಕೆಲಸ ಗೊತ್ತಾಗಿಲ್ಲ, ಆದರೆ ಮಾಡೋ ಶಕ್ತಿ ಇದೆ. ನಾನು ಮೊದಲ ಸಲ ಫ್ಯಾಕ್ಟರಿ ಗೇಟಿಗೆ ಹೋದಾಗ ನಮ್ಮ ದೊಡ್ಡಮ್ಮನ ಮಗಳು ಕಿವಿಯಲ್ಲಿ ಹೇಳಿದ್ದಳು: "ಮದುವಿ ಯಾವಾಗ ಅಂತ ಕೇಳ್ತಾರ. ಇನ್ನೂ ಗಂಡು ನೋಡಿಲ್ರಿ ಅನ್ನು. ಮಾಡ್ಕೊಳಂಗೇ ಇಲ್ಲ ಅನಬ್ಯಾಡ, ಇಕಿ ಏನೋ ಕಿತಾಪತಿ ಮಾಡಿ ಬಂದಾಳ ಅಂತಾರ."

ಅಲ್ಲಿಯೂ ಮುಕಾದಮರಿದ್ದರು, ಪದ್ರೋನೆ ಅಂತ ಹೆಸರು. ಇಟಲಿಯ ಹಳ್ಳಿಯವರಿಗೆ ರೈಲು ಹಳಿ ಹಾಕೋ ಕೆಲಸ ಕೊಡಿಸಿ, ಕೂಲಿಯಲ್ಲಿ ಪಾಲು ಹಿಡಿದು, ಅಕ್ಕಿಬೇಳೆಯಂಥದ್ದನ್ನೂ ತಾವೇ ದುಬಾರಿಗೆ ಮಾರುವವರು. ಅದನ್ನು ಓದಿ ಹೇಳಿದಾಗ ನಮ್ಮಪ್ಪನಿಗೆ ಏನೂ ಆಶ್ಚರ್ಯ ಆಗಲಿಲ್ಲ. "ಮುಂಗಡ ಎಷ್ಟ್ ಕೊಡ್ತಿದ್ದರಂತ?" ಅಂತ ಕೇಳಿದ.

ಟ್ರಯಾಂಗಲ್ ಇದ್ದದ್ದು ಹತ್ತು ಮಹಡಿಯ ಕಟ್ಟಡದ 8, 9, 10ನೇ ಮಹಡಿಗಳಲ್ಲಿ. ಉದ್ದನೆಯ ಮೇಜುಗಳ ಮೇಲೆ ಸಾಲಾಗಿ ಮೆಷಿನುಗಳು. ಬೆಂಕಿ ಬೀಳುವ ಮುಂಚೆ, 1909ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ಶರ್ಟ್‌ವೇಸ್ಟ್ ಹುಡುಗಿಯರು ಮುಷ್ಕರ ಹೂಡಿದ್ದರು. ಸಭೆಯಲ್ಲಿ ಗಂಡಸರ ಭಾಷಣ ಮುಗಿಯುವುದೇ ಇಲ್ಲ ಅನ್ನಿಸಿದಾಗ ಕ್ಲಾರಾ ಲೆಮ್ಲಿಚ್ ಎಂಬ ಹುಡುಗಿ ಎದ್ದು, ಮಾತು ಸಾಕು, ಮುಷ್ಕರ ಶುರು ಮಾಡೋಣ ಅಂತ ತನ್ನ ಯಿಡ್ಡಿಷ್ ಭಾಷೆಯಲ್ಲೇ ಹೇಳಿದಳಂತೆ. ಸುಮಾರು 20,000 ಜನ ಮೆಷಿನ್ ಬಿಟ್ಟು ಬೀದಿಗೆ ಬಂದರು. ಅವರ ದೂರುಗಳಲ್ಲಿ ಒಂದು: ಸೂಜಿ ದುಡ್ಡು ನಮ್ಮ ಕೂಲಿಯಲ್ಲಿ ಹಿಡಿಯಬೇಡಿ. ಎಷ್ಟೋ ಮಾಲೀಕರು ಒಪ್ಪಂದಕ್ಕೆ ಬಂದರು. ಟ್ರಯಾಂಗಲ್‌ನವರು ಯೂನಿಯನ್ನನ್ನು ಮಾತ್ರ ಒಪ್ಪಲಿಲ್ಲ.

1911ರ ಮಾರ್ಚ್ 25, ಶನಿವಾರ. ಕೆಲಸ ಬಿಡೋ ಹೊತ್ತು. ಎಂಟನೇ ಮಹಡಿಯ ಕಟಿಂಗ್ ಮೇಜಿನ ಕೆಳಗೆ ಚಿಂದಿ ತುಂಬಿದ ಪೆಟ್ಟಿಗೆಗೆ ಬೆಂಕಿ ತಗುಲಿತು. ನಮ್ಮವ್ವ ಶಹಾಪುರದ ಕಡೆ ಹತ್ತಿ ಬಿಡಿಸಲು ಹೋಗುತ್ತಾಳೆ. ಹತ್ತಿ ರಾಶಿಯ ಹತ್ತಿರ ಯಾರಾದರೂ ಬೀಡಿ ತೆಗೆದರೆ ಮೈಮೇಲೇ ಬೀಳುತ್ತಾಳೆ. ಅಲ್ಲಿ ಹತ್ತಿ ಬಟ್ಟೆಯ ತುಂಡು, ತೆಳು ಕಾಗದ, ತಂತಿಯ ಮೇಲೆ ನೇತುಹಾಕಿದ ಪ್ಯಾಟರ್ನುಗಳು. ಎಂಟನೇ ಮಹಡಿಯಿಂದ ಹತ್ತಕ್ಕೆ ಫೋನ್ ಹೋಯಿತು. ಅಲ್ಲಿದ್ದ ಮಾಲೀಕರು ಮ್ಯಾಕ್ಸ್ ಬ್ಲಾಂಕ್, ಐಸಾಕ್ ಹ್ಯಾರಿಸ್ ಛಾವಣಿ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಬದುಕಿದರು. ಒಂಬತ್ತಕ್ಕೆ ಯಾರೂ ಹೇಳಲಿಲ್ಲ. ಅಲ್ಲಿ ಒಂದು ಕಡೆಯ ಮೆಟ್ಟಿಲ ಬಾಗಿಲಿಗೆ ಬೀಗ. ಬಟ್ಟೆ ಕದ್ದಾರೆಂದು ಹುಡುಗಿಯರ ಚೀಲ ನೋಡಿ ಬಿಡಬೇಕಲ್ಲ, ಅದಕ್ಕೆ ಸಂಜೆ ಒಂದೇ ಬಾಗಿಲು. ಹೊರಗಿನ ಕಬ್ಬಿಣದ ಏಣಿ ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕದವರ ಏಣಿ ಆರನೇ ಮಹಡಿ ದಾಟಲಿಲ್ಲ. ಸತ್ತವರು 146 ಜನ. ಎಷ್ಟೋ ಜನ ಕಿಟಕಿಯಿಂದ ಹಾರಿದರು.

ಚೀಲ ನೋಡೋ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಎಂಟುನೂರು ಹೆಂಗಸರು, ಒಂದು ಗೇಟು, ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತ. ಆಗ ನನಗೆ ಬರುತ್ತಿದ್ದ ಯೋಚನೆ ಬಸ್ ತಪ್ಪುತ್ತದೆ ಅನ್ನುವುದೊಂದೇ.

ಆ ಬೆಂಕಿಯನ್ನು ಬೀದಿಯಲ್ಲಿ ನಿಂತು ನೋಡಿದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಇದ್ದಳು. ಆಮೇಲೆ ನ್ಯೂಯಾರ್ಕ್ ರಾಜ್ಯ ತನಿಖಾ ಆಯೋಗ ನೇಮಿಸಿತು. ಅದರ ಕೆಲಸದಲ್ಲಿ ಅವಳೂ ಓಡಾಡಿದಳು. ಬಾಗಿಲು, ಮೆಟ್ಟಿಲು, ನೀರು ಸುರಿಸೋ ಕೊಳವೆ, ಕೆಲಸದ ಗಂಟೆ ಇವುಗಳ ಮೇಲೆ ಒಂದರ ಹಿಂದೊಂದು ಕಾನೂನು ಬಂದವು. 1933ರಲ್ಲಿ ಅವಳು ಇಡೀ ದೇಶಕ್ಕೆ ಕಾರ್ಮಿಕ ಮಂತ್ರಿಯಾದಳು, ಅಲ್ಲಿನ ಸಂಪುಟ ಸೇರಿದ ಮೊದಲ ಹೆಂಗಸು. ಇದು ಪರೀಕ್ಷೆಗೆ ಬರುವ ಭಾಗ, ಚೆನ್ನಾಗಿ ಬರೆಯುತ್ತೇನೆ.

ಬರದೇ ಇರೋ ಭಾಗ ಬೇರೆ ಇದೆ. ಬೆಂಕಿ ಬಿದ್ದ ವರ್ಷವೇ, 1911ರ ಡಿಸೆಂಬರ್‌ನಲ್ಲಿ, ಕೋರ್ಟು ಮಾಲೀಕರಿಬ್ಬರನ್ನೂ ಬಿಟ್ಟಿತು; ಬಾಗಿಲಿಗೆ ಬೀಗ ಇದ್ದದ್ದು ಅವರಿಗೆ ಗೊತ್ತಿತ್ತು ಅನ್ನುವುದು ಸಾಬೀತಾಗಬೇಕಿತ್ತು, ಆಗಲಿಲ್ಲ. 1914ರಲ್ಲಿ ಪರಿಹಾರವೆಂದು ಒಂದು ಜೀವಕ್ಕೆ 75 ಡಾಲರ್. ನಡುವೆ 1913ರಲ್ಲಿ ಬ್ಲಾಂಕ್ ಮತ್ತೆ ಸಿಕ್ಕಿಬಿದ್ದ, ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಹಾಕಿದ್ದಕ್ಕೆ. ದಂಡ 20 ಡಾಲರ್.

ರಾತ್ರಿ ತಂಗಿಗೆ ಫೋನ್ ಮಾಡಿದೆ. ನಾನು ಬಿಟ್ಟ ಫ್ಯಾಕ್ಟರಿಯಲ್ಲೇ ಅವಳೀಗ ಕಫ್ ಹೊಲಿಯುತ್ತಾಳೆ.

"ನಿಮ್ಮ ಫ್ಲೋರಿಗಿ ಎಷ್ಟು ಮೆಟ್ಟಿಲ ಬಾಗಿಲ ಅವ?"

"ಎರಡು. ಯಾಕ ಅಕ್ಕಾ?"

"ಎರಡೂ ತೆರೀತಾವೇನು?"

"ಒಂದರ ಮುಂದ ಬಟ್ಟಿ ಮೂಟಿ ಇಟ್ಟಾರ. ಬೈಯರ್ ಬರೋ ದಿನ ತೆಗೀತಾರ."

"ಬೈಯರ್ ಯಾವಾಗ ಬರ್ತಾರಂತ?"

"ಹೋದ ವಾರ ಬಂದು ಹೋದ್ರು."